ಕೆಲಸದ ಹೆಸರು ಬಿಡಿ, ಕೆಲಸದ ದಿನ ನೋಡಿ: ಸ್ವಭಾವದ ಒಲವು ಹಿಡಿದು ಮುಂದಿನ ಓದು ಆರಿಸುವ ಬಗೆ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ನಮ್ಮ ಕಾಲೇಜಿನ ಅಡ್ಮಿಷನ್ ಮೇಜಿನ ಹಿಂದೆ ಕೂತರೆ ಒಂದೇ ಮಾತು ಮತ್ತೆ ಮತ್ತೆ ಕೇಳಿಸುತ್ತದೆ. "ಸರ್, ಇವನಿಗೆ ಸೈನ್ಸ್ ಕೊಡಿ." ಹೇಳುವುದು ಅಪ್ಪ. ಹುಡುಗ ನೆಲ ನೋಡುತ್ತಿರುತ್ತಾನೆ. ಈಚೆಗೆ ಇನ್ನೊಂದು ಮಾತೂ ಸೇರಿಕೊಂಡಿದೆ. ಸ್ವಭಾವವನ್ನು ನಾಲ್ಕು ಇಂಗ್ಲಿಷ್ ಅಕ್ಷರದಲ್ಲಿ ಹೇಳುವ ಎಂಬಿಟಿಐ ಥರದ ಟೆಸ್ಟ್ ಫೋನಿನಲ್ಲಿ ಮುಗಿಸಿಕೊಂಡು ಬಂದ ಮಕ್ಕಳು, "ಸರ್, ನಾನು ಐಎನ್‌ಎಫ್‌ಜೆ. ಯಾವ ಕಾಂಬಿನೇಷನ್ ತಗೊಳ್ಳಲಿ?" ಎಂದು ಕೇಳುತ್ತಾರೆ.

ಆ ನಾಲ್ಕು ಅಕ್ಷರ ನೋಡಿ ಕಾಂಬಿನೇಷನ್ ಹೇಳಲು ನನಗೆ ಬರುವುದಿಲ್ಲ. ಯಾರಿಗೂ ಬರುವುದಿಲ್ಲ. ಆದರೆ ನಿಮಗೆ ಎಂಥ ದಿನ ಹಿಡಿಸುತ್ತದೆ, ಎಂಥ ದಿನ ಹಿಂಡುತ್ತದೆ ಎಂದು ಯೋಚಿಸಲು ಅವು ಸಹಾಯ ಮಾಡುತ್ತವೆ. ಅಷ್ಟಕ್ಕೆ ಮಾತ್ರ ಬಳಸಿದರೆ ಲಾಭವಿದೆ. ಹೇಗೆ ಬಳಸಬೇಕು ಅನ್ನುವುದನ್ನು, ನಾನು ಪಿಯು ಮಕ್ಕಳ ಜೊತೆ ಮಾಡುವ ಕ್ರಮದಲ್ಲೇ ಬರೆಯುತ್ತೇನೆ.

ಈ ಅಕ್ಷರಗಳು ಬಂದದ್ದು ಎಲ್ಲಿಂದ

1921ರಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ ಮನುಷ್ಯರ ಸ್ವಭಾವದ ಬಗೆಗಳ ಬಗ್ಗೆ ದೊಡ್ಡ ಪುಸ್ತಕ ಬರೆದರು. ಅದನ್ನು ಗಟ್ಟಿಯಾಗಿ ಹಿಡಿದುಕೊಂಡವರು ಅಮೆರಿಕದ ತಾಯಿ ಮಗಳು, ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಬೆಲ್ ಬ್ರಿಗ್ಸ್ ಮೈಯರ್ಸ್. ಇಬ್ಬರೂ ಮನಶ್ಶಾಸ್ತ್ರದ ಪದವಿ ಪಡೆದವರಲ್ಲ. ತಾಯಿ ಓದಿದ್ದು ಕೃಷಿ ಕಾಲೇಜಿನಲ್ಲಿ, ಮಗಳು ಓದಿದ್ದು ರಾಜ್ಯಶಾಸ್ತ್ರ. ಮಗಳು ಪತ್ತೇದಾರಿ ಕಾದಂಬರಿ ಬರೆದು ಬಹುಮಾನ ಗೆದ್ದವರು ಬೇರೆ! ಎರಡನೇ ಮಹಾಯುದ್ಧದ ಹೊತ್ತಿಗೆ ಅಲ್ಲಿನ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಕಾರ್ಖಾನೆ, ಕಚೇರಿಗಳಿಗೆ ಬರತೊಡಗಿದರು. ಯಾರಿಗೆ ಯಾವ ಕೆಲಸ ಹೊಂದೀತು ಎಂದು ತಿಳಿಯಲು ಇಸಬೆಲ್ ಪ್ರಶ್ನೆಗಳನ್ನು ಕಟ್ಟಿದರು. 1962ರಲ್ಲಿ ಅದು ಅಚ್ಚಾಗಿ ಹೊರಬಂತು. ಅದೇ ಇವತ್ತಿನ ಎಂಬಿಟಿಐ, ಅಂದರೆ ಮೈಯರ್ಸ್-ಬ್ರಿಗ್ಸ್ ಟೈಪ್ ಇಂಡಿಕೇಟರ್.

ಇದನ್ನು ಒಪ್ಪದ ಮನಶ್ಶಾಸ್ತ್ರಜ್ಞರು ಬಹಳ ಜನ ಇದ್ದಾರೆ. ಅವರ ಮಾತಿನಲ್ಲಿ ತೂಕವಿದೆ. ಜನರನ್ನು ಎರಡು ಡಬ್ಬಿಗೆ ಹಾಕುತ್ತದೆ, ಆದರೆ ನಿಜದಲ್ಲಿ ಹೆಚ್ಚಿನವರು ನಡುವೆ ಎಲ್ಲೋ ಇರುತ್ತಾರೆ. ಕೆಲವು ವಾರ ಬಿಟ್ಟು ಮತ್ತೆ ಉತ್ತರಿಸಿದರೆ ಒಂದಾದರೂ ಅಕ್ಷರ ಬದಲಾಗುವವರು ಕಡಿಮೆಯೇನಿಲ್ಲ. ಕೆಲಸಕ್ಕೆ ಆಳು ಆರಿಸಲು ಇದನ್ನು ಬಳಸಬೇಡಿ ಎಂದು ಅದನ್ನು ಮಾರುವ ಕಂಪನಿಯೇ ಹೇಳುತ್ತದೆ. ಹಾಗಿದ್ದ ಮೇಲೆ ಅದೇ ಅಕ್ಷರ ನೋಡಿ ನೀವು ಒಂದು ಕೆಲಸವನ್ನು ತಳ್ಳಿಹಾಕುವುದೂ ತಪ್ಪೇ, ಅಲ್ವಾ?

ಫೋನಿನಲ್ಲಿ ಸಿಗುವ ಫ್ರೀ ಟೆಸ್ಟ್‌ಗಳು ಹೆಚ್ಚಿನವು ಮೂಲದ್ದೂ ಅಲ್ಲ. ಮೂಲದ್ದಕ್ಕೆ ದುಡ್ಡು ಕೊಡಬೇಕು, ಉತ್ತರ ಬಂದ ಮೇಲೆ ತರಬೇತಿ ಆದವರ ಜೊತೆ ಕೂತು ಮಾತಾಡಬೇಕು. ನಮಗೆ ಅದು ಬೇಡ. ಒಂದು 100 ಪುಟದ ನೋಟ್‌ಬುಕ್ ಸಾಕು.

ಹೆಜ್ಜೆ 1: ನಾಲ್ಕು ಪುಟ, ನಾಲ್ಕು ಪ್ರಶ್ನೆ

ಮೊದಲು ಹಾಳೆಯ ಮೇಲೆ ನಿಮ್ಮ ಸಹಿ ಹಾಕಿ. ಈಗ ಇನ್ನೊಂದು ಕೈಯಲ್ಲಿ ಹಾಕಿ. ಬರುತ್ತದೆ. ಆದರೆ ನಿಧಾನ, ಸೊಟ್ಟ, ಮೈಯೆಲ್ಲ ಗಮನ ಬೇಕು. ಒಲವು ಅಂದರೆ ಇದೇ. ಎರಡೂ ಕೈ ಕೆಲಸ ಮಾಡುತ್ತವೆ, ಒಂದು ಸಲೀಸು. ದಿನಕ್ಕೆ ಎಂಟು ಗಂಟೆ, ಮೂವತ್ತು ವರ್ಷ ಸಲೀಸಲ್ಲದ ಕೈಯಲ್ಲಿ ಬರೆಯಬೇಕಾದರೆ ಹೇಗಿರುತ್ತದೆ ಎಂದು ಒಂದು ಕ್ಷಣ ಯೋಚಿಸಿ. ಈಗ ಪುಟ ತಿರುಗಿಸಿ.

ಮೊದಲ ಪುಟ: ದಣಿವು ಆರುವುದು ಎಲ್ಲಿ? ಕಾಲೇಜ್ ಡೇ ಮುಗಿದಿದೆ, ಇಡೀ ದಿನ ಜನರ ನಡುವೆ ಇದ್ದಿರಿ. ಬಸ್ಸಿನಲ್ಲಿ ಮನೆಗೆ ಬರುವಾಗ ಪಕ್ಕದವರ ಜೊತೆ ಎಲ್ಲವನ್ನೂ ಮತ್ತೆ ಮಾತಾಡಬೇಕು ಅನಿಸುತ್ತದೋ, ಕಿಟಕಿ ಸೀಟು ಹಿಡಿದು ಸುಮ್ನೆ ಕೂರಬೇಕು ಅನಿಸುತ್ತದೋ? ಮೊದಲನೆಯದು ಇ, ಎರಡನೆಯದು ಐ. ಬಹಿರ್ಮುಖಿ, ಅಂತರ್ಮುಖಿ ಎನ್ನುತ್ತಾರಲ್ಲ, ಅದು.

ಎರಡನೇ ಪುಟ: ಅಡುಗೆಮನೆಯಿಂದ ಒಂದು ತೆಂಗಿನಕಾಯಿ ತನ್ನಿ. ಅದರ ಬಗ್ಗೆ ಎರಡು ನಿಮಿಷ ಬರೆಯಿರಿ. ಕೆಲವರು ಬರೆಯುತ್ತಾರೆ: ಮೂರು ಕಣ್ಣು, ಕಂದು ನಾರು, ಅಲ್ಲಾಡಿಸಿದರೆ ನೀರಿನ ಸದ್ದು, ಒಂದು ಕಡೆ ಸಣ್ಣ ಬಿರುಕು. ಇನ್ನು ಕೆಲವರು: ಅಜ್ಜಿಯ ತೋಟ, ನುಸಿ ಪೀಡೆ, ದೇವಸ್ಥಾನದಲ್ಲಿ ಈಡುಗಾಯಿ, ಬೆಲೆ ಏರಿದ್ದು. ಕಣ್ಣೆದುರು ಇದ್ದದ್ದನ್ನು ಮೊದಲು ಹಿಡಿಯುವವರು ಎಸ್. ಅದರಿಂದ ಬೇರೆಲ್ಲಿಗೋ ಹಾರುವವರು ಎನ್. ನಾನು ಇದನ್ನು ಮಾಡಿದಾಗ ತೆಂಗಿನಕಾಯಿಯನ್ನು ಸರಿಯಾಗಿ ನೋಡಿರಲೇ ಇಲ್ಲ, ಕೊಬ್ಬರಿ ಮಂಡಿಯ ದರಕ್ಕೆ ಹೋಗಿಬಿಟ್ಟಿದ್ದೆ. ಅರ್ಥಶಾಸ್ತ್ರ ಪಾಠ ಮಾಡುವವನ ಹಣೆಬರಹ.

ಮೂರನೇ ಪುಟ: ನೀವು ಕಬಡ್ಡಿ ತಂಡದ ಕ್ಯಾಪ್ಟನ್. ಅಂಕಣಕ್ಕೆ 7 ಜನ ಇಳಿಯಬೇಕು. ಆರು ಜನ ಆಗಿದ್ದಾರೆ. ಉಳಿದ ಒಂದು ಜಾಗಕ್ಕೆ ಇಬ್ಬರು. ಒಬ್ಬ ಚೆನ್ನಾಗಿ ಆಡುತ್ತಾನೆ, ಪ್ರಾಕ್ಟೀಸಿಗೆ ಬಂದದ್ದು ಕಡಿಮೆ. ಇನ್ನೊಬ್ಬ ಸಾಧಾರಣ, ಒಂದು ದಿನವೂ ತಪ್ಪಿಸಿಲ್ಲ, ಇದು ಅವನ ಕೊನೆಯ ವರ್ಷ. ಯಾರನ್ನು ಆರಿಸುತ್ತೀರಿ ಎನ್ನುವುದು ಇಲ್ಲಿ ಮುಖ್ಯ ಅಲ್ಲ. ತಲೆಯಲ್ಲಿ ಮೊದಲು ಎದ್ದ ಪ್ರಶ್ನೆ ಯಾವುದು ಎಂದು ಬರೆಯಿರಿ. "ನಿಯಮ ಏನು, ಗೆಲ್ಲೋಕೆ ಏನು ಬೇಕು?" ಎಂದಾದರೆ ಟಿ. "ಅವನಿಗೆ ಹೇಗನಿಸುತ್ತದೆ, ತಂಡದಲ್ಲಿ ಏನಾಗುತ್ತದೆ?" ಎಂದಾದರೆ ಎಫ್.

ನಾಲ್ಕನೇ ಪುಟ: ಪ್ರಾಕ್ಟಿಕಲ್ ರೆಕಾರ್ಡ್. ವಾರವಾರ ಬರೆದು ಸಹಿ ಹಾಕಿಸಿ ಮುಗಿಸಿದರೇನೇ ನಿಮಗೆ ನೆಮ್ಮದಿಯೇ? ಅಥವಾ ಕೊನೆಯ ಮೂರು ದಿನದಲ್ಲಿ ಕೈಗೆ ವೇಗ ಬರುತ್ತದೆಯೇ? ಮೊದಲನೆಯದು ಜೆ, ಎರಡನೆಯದು ಪಿ. ಪಿ ಅಂದರೆ ಸೋಮಾರಿ ಅಂತಲ್ಲ. ಕೊನೆಗೂ ಬರೆಯದವನು ಸೋಮಾರಿ, ಅವನಿಗೆ ಅಕ್ಷರ ಇಲ್ಲ.

ಹೆಜ್ಜೆ 2: ಸಾಕ್ಷಿ ಬರೆಯಿರಿ

ಒಂದು ಪ್ರಶ್ನೆಯಿಂದ ಯಾವುದೂ ತೀರ್ಮಾನ ಆಗುವುದಿಲ್ಲ. ಪ್ರತಿ ಪುಟದಲ್ಲೂ ಕಳೆದ ಒಂದು ವರ್ಷದ ಮೂರು ನಿಜ ಘಟನೆ ಬರೆಯಿರಿ. ಮದುವೆ ಮನೆ, ಟೂರ್, ಪರೀಕ್ಷೆ, ಹೊಲದ ಕೆಲಸ, ಜಗಳ, ಯಾವುದಾದರೂ ಸರಿ. ಮೂರೂ ಒಂದೇ ಕಡೆಗೆ ಬಿದ್ದರೆ ಆ ಅಕ್ಷರಕ್ಕೆ ಅಡಿಗೆರೆ ಎಳೆಯಿರಿ. ಎರಡು ಇತ್ತ, ಒಂದು ಅತ್ತ ಇದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ.

ಹೆಚ್ಚಿನವರಿಗೆ ಅಡಿಗೆರೆ ಬರುವುದು ಒಂದಕ್ಕೋ ಎರಡಕ್ಕೋ. ಮುಂದಿನ ಹೆಜ್ಜೆಗಳಲ್ಲಿ ಆ ಒಂದೆರಡನ್ನೇ ಬಳಸಿ. ನಾಲ್ಕೂ ತುಂಬಲೇಬೇಕು ಎಂದು ಹಟ ಮಾಡಬೇಡಿ.

ಹೆಜ್ಜೆ 3: ಸ್ವಭಾವ ಯಾವುದು, ಬಾಯಿ ಕಟ್ಟಿದ್ದು ಯಾವುದು

ಎಲ್ಲರೂ ಹಾರಿಸಿಬಿಡುವ ಹೆಜ್ಜೆ ಇದು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ.

ಒಮ್ಮೆ ನಾನೇ ತಪ್ಪಿದ್ದೇನೆ. ಫಸ್ಟ್ ಪಿಯುಸಿಯ ಒಬ್ಬ ಹುಡುಗಿ. ಹಿಂದಿನ ಬೆಂಚು. ಆರು ತಿಂಗಳಲ್ಲಿ ಒಂದು ಪ್ರಶ್ನೆ ಕೇಳಿರಲಿಲ್ಲ. ಟೆಸ್ಟ್‌ನಲ್ಲೂ ಐ ಬಂತು. "ನಿನಗೆ ಜನ ಇಲ್ಲದ ಕೆಲಸ ಒಳ್ಳೆಯದಮ್ಮ, ಲೆಕ್ಕಪತ್ರ, ಡೇಟಾ, ಆ ಥರ" ಎಂದು ಹೇಳಿ ಕಳಿಸಿದೆ. ಮರುವಾರ ಅವಳ ಊರಿನ ಜಾತ್ರೆಗೆ ಹೋಗಿದ್ದೆ. ಅಲ್ಲಿ ಅದೇ ಹುಡುಗಿ ಅಮ್ಮನ ಬಳೆ ಅಂಗಡಿಯಲ್ಲಿ ನಿಂತು ನಾಲ್ಕು ಜನ ಗಿರಾಕಿಗಳ ಜೊತೆ ಒಟ್ಟೊಟ್ಟಿಗೆ ಚೌಕಾಸಿ ಮಾಡುತ್ತಿದ್ದಳು, ನಗಿಸುತ್ತಿದ್ದಳು, ಸಾಲ ಕೇಳಿದವನನ್ನು ಸಾಗಹಾಕುತ್ತಿದ್ದಳು. ನನ್ನನ್ನು ನೋಡಿ ಮತ್ತೆ ಮೌನ.

ಅವಳು ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಕಾಲೇಜಿಗೆ ಬಂದ ದಿನದಿಂದ ಎಲ್ಲವೂ ಇಂಗ್ಲಿಷ್. ತಪ್ಪು ಇಂಗ್ಲಿಷ್ ಆಡಿ ನಗೆಪಾಟಲಾಗುವುದಕ್ಕಿಂತ ಬಾಯಿ ಮುಚ್ಚಿರುವುದು ಮೇಲು ಎಂದು ತೀರ್ಮಾನಿಸಿದ್ದಳು. ಅದನ್ನು ನಾನು ಅಂತರ್ಮುಖಿ ಎಂದು ಓದಿದೆ. ಟೆಸ್ಟಿನ ಪ್ರಶ್ನೆಗೆ ಅವಳೂ ಹಾಗೇ ಉತ್ತರಿಸಿದ್ದಳು, ಯಾಕೆಂದರೆ ಅವಳ ತಲೆಯಲ್ಲಿ ಇದ್ದದ್ದು ಕಾಲೇಜಿನ ಅವಳು.

ಹಾಗಾಗಿ ಅಡಿಗೆರೆ ಎಳೆದ ಪ್ರತಿ ಅಕ್ಷರದ ಕೆಳಗೆ ಈ ಪ್ರಶ್ನೆ ಬರೆಯಿರಿ: ನನ್ನ ಊರಲ್ಲಿ, ನನ್ನ ಭಾಷೆಯಲ್ಲಿ, ನನಗೆ ಹೆದರಿಕೆ ಇಲ್ಲದ ಜಾಗದಲ್ಲೂ ನಾನು ಹೀಗೇ ಇರುತ್ತೇನೆಯೇ? "ಇಲ್ಲ" ಎಂದಾದರೆ ಅಡಿಗೆರೆ ಅಳಿಸಿ.

ಹೆಣ್ಣುಮಕ್ಕಳಿಗೆ ಎಫ್ ಅಕ್ಷರದಲ್ಲೂ ಇದೇ ತೊಡಕು. ಎಲ್ಲರನ್ನೂ ಹೊಂದಿಸಿಕೊಂಡು ಹೋಗು ಎಂದು ಚಿಕ್ಕಂದಿನಿಂದ ಹೇಳಿಸಿಕೊಂಡು ಬೆಳೆದವಳು ಕಬಡ್ಡಿ ಪ್ರಶ್ನೆಗೆ ಯಾವ ಉತ್ತರ ಕೊಟ್ಟಾಳು? ಗಂಡುಹುಡುಗರಿಗೆ ಉಲ್ಟಾ. ಮರುಕ ತೋರಿಸಿದರೆ ನಗುವ ಗೆಳೆಯರ ನಡುವೆ ಇದ್ದವನು ಟಿ ಎಂದೇ ಬರೆಯುತ್ತಾನೆ. ಹಾಸ್ಟೆಲಿನಲ್ಲಿ ಐದಕ್ಕೆ ಗಂಟೆ ಹೊಡೆದು ಎಬ್ಬಿಸಿದ ಮಕ್ಕಳೆಲ್ಲ ಜೆ ಆಗಿಬಿಡುವುದಿಲ್ಲ.

ನಿಮ್ಮನ್ನು ಬೇರೆ ಬೇರೆ ಜಾಗದಲ್ಲಿ ನೋಡಿದ ಇಬ್ಬರನ್ನು ಕೇಳಿ. ಒಬ್ಬರು ಮನೆಯವರು, ಒಬ್ಬರು ಹೊರಗಿನವರು. "ನಾನು ಯಾವಾಗ ಖುಷಿಯಾಗಿರುತ್ತೇನೆ, ಯಾವಾಗ ಸಿಡುಕುತ್ತೇನೆ?" ಎಂದಷ್ಟೇ ಕೇಳಿ. ಅಕ್ಷರದ ಸುದ್ದಿ ಎತ್ತಬೇಡಿ.

ಹೆಜ್ಜೆ 4: ಕೆಲಸವನ್ನು ದಿನಗಳಾಗಿ ಒಡೆಯಿರಿ

ಇಂಟರ್ನೆಟ್ಟಿನಲ್ಲಿ ಸಿಗುವ "ಈ ಅಕ್ಷರಕ್ಕೆ ಈ ಹತ್ತು ಕೆಲಸ" ಎಂಬ ಪಟ್ಟಿ ಮುಚ್ಚಿಡಿ. ಒಂದೇ ಹೆಸರಿನ ಕೆಲಸದೊಳಗೆ ಹತ್ತು ಥರದ ದಿನ ಇರುತ್ತವೆ. ಪಟ್ಟಿ ಎಡವುವುದು ಅಲ್ಲೇ.

ಬಿ.ಎಸ್ಸಿ. ಅಗ್ರಿ ತೆಗೆದುಕೊಳ್ಳಿ. ಅದೇ ಡಿಗ್ರಿ ಮುಗಿಸಿ ಒಬ್ಬರು ರೈತ ಸಂಪರ್ಕ ಕೇಂದ್ರದಲ್ಲಿ ಅಧಿಕಾರಿ ಆಗುತ್ತಾರೆ. ಮುಂಗಾರು ಶುರುವಾದರೆ ಬೀಜ, ಗೊಬ್ಬರಕ್ಕೆ ಬಾಗಿಲ ತನಕ ಸಾಲು. ಬೆಳಗ್ಗೆ ಹಾಕಿಕೊಂಡ ಯೋಜನೆ ಹನ್ನೊಂದಕ್ಕೆ ಮುರಿದಿರುತ್ತದೆ. ಮಾತು, ಮಾತು, ಮಾತು. ಇನ್ನೊಬ್ಬರು ಮುಂದೆ ಓದಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೋ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲೋ ತಳಿ ಅಭಿವೃದ್ಧಿಗೆ ಸೇರುತ್ತಾರೆ. ಸಾಲು ಸಾಲು ಗಿಡಕ್ಕೆ ಚೀಟಿ ಕಟ್ಟಿ, ಅಳೆದು, ಬರೆದು, ಒಂದು ತಳಿ ರೈತರ ಕೈಗೆ ಹೋಗುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಮೊದಲನೆಯದರಲ್ಲಿ ಇ ಮತ್ತು ಪಿ ಇದ್ದವರಿಗೆ ಉಸಿರಾಟ ಸಲೀಸು. ಎರಡನೆಯದರಲ್ಲಿ ಐ ಮತ್ತು ಜೆಗೆ. ಡಿಗ್ರಿಯ ಹೆಸರು ಒಂದೇ.

ಸಿವಿಲ್ ಎಂಜಿನಿಯರಿಂಗ್ ಅಂದರೆ ಸೈಟೂ ಹೌದು, ಡಿಸೈನ್ ಆಫೀಸೂ ಹೌದು. ಸ್ಲ್ಯಾಬ್ ಹಾಕುವ ದಿನ ಮಿಕ್ಸರ್ ಕೈಕೊಟ್ಟರೆ ನಿಂತ ಜಾಗದಲ್ಲೇ ದಾರಿ ಹುಡುಕಬೇಕು, ಕಾಂಕ್ರೀಟು ನಾಳೆವರೆಗೆ ಕಾಯುವುದಿಲ್ಲ. ಆಫೀಸಿನಲ್ಲಿ ಕೂತವರು ಒಂದು ಕಂಬದ ಲೆಕ್ಕವನ್ನು ಮೂರು ಸಲ ತಾಳೆ ನೋಡುತ್ತಾರೆ. ಡಾಕ್ಟರು ಎಂದರೆ ಕ್ಯಾಶುವಾಲ್ಟಿಯ ರಾತ್ರಿಯೂ ಇದೆ, ಪೆಥಾಲಜಿ ಲ್ಯಾಬಿನ ಮೈಕ್ರೋಸ್ಕೋಪೂ ಇದೆ. ಮೇಷ್ಟ್ರ ಕೆಲಸವೂ ಹಾಗೇ. ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಪುಟ್ಟ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ, ಒಬ್ಬೊಬ್ಬರು ಒಂದೊಂದು ಮೆಟ್ಟಿಲಲ್ಲಿ. ಪಿಯು ಕ್ಲಾಸಿನಲ್ಲಿ ಒಂದು ಪಿರಿಯಡ್, ಒಂದು ಪಾಠ, ಸಿಲಬಸ್ ಮುಗಿಯಬೇಕು. ನನ್ನನ್ನು ನಲಿ-ಕಲಿ ಕೋಣೆಗೆ ಹಾಕಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಓಡಿಹೋಗಿರುತ್ತೇನೆ.

ಸಾಫ್ಟ್‌ವೇರ್ ಬಗ್ಗೆ ಒಂದು ಮಾತು. "ನಾನು ಐ, ಕಂಪ್ಯೂಟರ್ ಮುಂದೆ ಒಬ್ಬನೇ ಕೂರಬಹುದು" ಎಂದು ಹೋಗುವವರು ಜಾಸ್ತಿ. ಹೋದ ಮೇಲೆ ಗೊತ್ತಾಗುತ್ತದೆ, ಬೆಳಗ್ಗೆ ಎದ್ದರೆ ಮೀಟಿಂಗ್, ಸಂಜೆ ಅಮೆರಿಕದವರ ಜೊತೆ ಕಾಲ್. ಸಿಎ ಕೂಡ ಬರೀ ಲೆಕ್ಕವಲ್ಲ. ಈಗಿನ ನಿಯಮದಲ್ಲಿ ಎರಡು ವರ್ಷ ಸಿಎ ಒಬ್ಬರ ಕೈಕೆಳಗೆ ತರಬೇತಿ, ಅಂದರೆ ಆರ್ಟಿಕಲ್‌ಶಿಪ್ ಇದೆ. ಆಡಿಟ್‌ಗೆಂದು ಊರೂರು ಸುತ್ತಿ, ಬೇರೆಯವರ ಆಫೀಸಿನಲ್ಲಿ ಕೂತು, ಕೊಡಲು ಮನಸ್ಸಿಲ್ಲದವರಿಂದ ವೋಚರ್ ಕೇಳಿ ಪಡೆಯಬೇಕು.

ನಿಮ್ಮ ಮನಸ್ಸಿನಲ್ಲಿರುವ ಮೂರು ಕೆಲಸ ಆರಿಸಿ. ಪ್ರತಿಯೊಂದಕ್ಕೂ ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಏನೇನು ನಡೆಯುತ್ತದೆ ಎಂದು ಬರೆಯಿರಿ. ಬರೆಯಲು ಆಗಲಿಲ್ಲವೇ? ಹಾಗಾದರೆ ನಿಮಗೆ ಆ ಕೆಲಸದ ಹೆಸರು ಮಾತ್ರ ಗೊತ್ತು. ಆರನೇ ಹೆಜ್ಜೆ ನಿಮಗಾಗಿಯೇ ಇದೆ.

ಹೆಜ್ಜೆ 5: ಆಸಕ್ತಿ ಬೇರೆ, ಒಲವು ಬೇರೆ

ಒಲವು ಹೇಳುವುದು ಹೇಗೆ ಕೆಲಸ ಮಾಡಲು ಇಷ್ಟ ಎಂದು. ಯಾವುದರ ಮೇಲೆ ಎಂದು ಹೇಳುವುದಿಲ್ಲ. ಇದಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ 1959ರಿಂದ ಬೆಳೆಸಿದ ಆರು ಗುಂಪು ಹೆಚ್ಚು ಉಪಯೋಗಕ್ಕೆ ಬರುತ್ತದೆ. ವೃತ್ತಿ ಆರಿಸುವ ವಿಷಯದಲ್ಲಿ ನಾಲ್ಕು ಅಕ್ಷರಕ್ಕಿಂತ ಇದರ ಮೇಲೆ ನನಗೆ ನಂಬಿಕೆ ಜಾಸ್ತಿ. ನಮ್ಮ ಮಾತಿನಲ್ಲಿ ಹೇಳುವುದಾದರೆ: ಕೈಯಲ್ಲಿ ಮಾಡುವವರು (ಪಂಪ್‌ಸೆಟ್ ಬಿಚ್ಚಿ ಜೋಡಿಸುವವರು), ಯಾಕೆ ಎಂದು ಅಗೆಯುವವರು, ಹೊಸದು ಕಟ್ಟುವವರು (ರಂಗೋಲಿಯಿಂದ ರೀಲ್ಸ್‌ವರೆಗೆ), ಜನಕ್ಕೆ ಕಲಿಸುವ, ನೋಡಿಕೊಳ್ಳುವವರು, ಒಪ್ಪಿಸುವ, ಮಾರುವ, ಮುಂದೆ ನಿಲ್ಲುವವರು, ಅಚ್ಚುಕಟ್ಟಾಗಿ ಲೆಕ್ಕ ಇಡುವವರು. ನಿಮಗೆ ಹೊಂದುವ ಎರಡು ಗುಂಪು ಗುರುತು ಮಾಡಿ.

ಅಮೆರಿಕದ ಕಾರ್ಮಿಕ ಇಲಾಖೆಯ ಓ-ನೆಟ್ ಜಾಲತಾಣದಲ್ಲಿ ಇದೇ ಆರು ಗುಂಪಿನ 60 ಪ್ರಶ್ನೆಗಳ ಉಚಿತ ಪಟ್ಟಿ ಇದೆ. ಇಂಗ್ಲಿಷಿನಲ್ಲಿದೆ, ಕೆಲಸಗಳ ಹೆಸರು ಅಲ್ಲಿನವು, ಆದರೂ ಒಮ್ಮೆ ಮಾಡಿ ನೋಡಬಹುದು.

ಮಾರ್ಕ್ಸು, ಫೀಸು, ಮನೆಯ ಪರಿಸ್ಥಿತಿ? ಅವು ಯಾವ ಟೆಸ್ಟಿನಲ್ಲೂ ಬರುವುದಿಲ್ಲ. ಬೇರೆ ಪುಟದಲ್ಲಿ ನೇರವಾಗಿ ಬರೆದುಕೊಳ್ಳಿ. ಗಣಿತದಲ್ಲಿ ಕಷ್ಟಪಡುತ್ತಿದ್ದರೆ ಐಎನ್‌ಟಿಜೆ ಎಂಬ ಅಕ್ಷರ ಬಂದು ಲೆಕ್ಕ ಬಿಡಿಸಿಕೊಡುವುದಿಲ್ಲ.

ಹೆಜ್ಜೆ 6: ಹೋಗಿ ನೋಡಿ

ದಸರಾ ರಜೆಯಲ್ಲಿ ಮೂರು ದಿನ ಇದಕ್ಕೆಂದೇ ಇಡಿ. ಪಕ್ಕದ ಬೀದಿಯ ಲ್ಯಾಬ್ ಟೆಕ್ನಿಷಿಯನ್, ತಾಲ್ಲೂಕು ಕೋರ್ಟಿನ ವಕೀಲರು, ಮಾವನ ಮಗನ ಸೈಟು, ಗ್ರಾಮ ಪಂಚಾಯಿತಿಯ ಪಿಡಿಒ, ಯಾರಾದರೂ ಆಗಬಹುದು. ಅರ್ಧ ದಿನ ಪಕ್ಕದಲ್ಲಿ ಕೂರಲು ಬಿಡಿ ಎಂದು ಕೇಳಿ. ಬಹಳ ಜನ ಒಪ್ಪುತ್ತಾರೆ. ತಮ್ಮ ಕೆಲಸದ ಬಗ್ಗೆ ಯಾರೂ ಕೇಳಿರುವುದಿಲ್ಲ ನೋಡಿ.

"ಈ ಫೀಲ್ಡ್ ಹೇಗೆ ಸರ್?" ಎಂದು ಕೇಳಿದರೆ "ಚೆನ್ನಾಗಿದೆ" ಎನ್ನುತ್ತಾರೆ, ಮುಗಿಯಿತು. ಬದಲಿಗೆ ಇವನ್ನು ಕೇಳಿ. ನಿನ್ನೆ ಏನೇನು ಮಾಡಿದಿರಿ? ಅದರಲ್ಲಿ ಎಷ್ಟು ಹೊತ್ತು ಮಾತು, ಎಷ್ಟು ಹೊತ್ತು ಒಬ್ಬರೇ? ಯಾವ ಭಾಗ ಬೇಜಾರು? ಶುರು ಮಾಡಿದ ಮೊದಲ ಎರಡು ವರ್ಷ ಹೇಗಿತ್ತು? ಈ ಕೊನೆಯ ಪ್ರಶ್ನೆ ಮರೆಯಬೇಡಿ. ಹೆಸರಾದ ವಕೀಲರ ದಿನ ಬೇರೆ, ಅವರ ಜೂನಿಯರ್ ದಿನ ಬೇರೆ. ನೀವು ಮೊದಲು ಬದುಕಬೇಕಾದದ್ದು ಜೂನಿಯರ್ ದಿನವನ್ನು.

ಮನೆಗೆ ಬಂದ ಕೂಡಲೇ ನೋಟ್‌ಬುಕ್ಕಿನಲ್ಲಿ ಒಂದೇ ಸಾಲು: ಗಡಿಯಾರ ನೋಡಿದ್ದು ಎಷ್ಟು ಸಲ?

ಹೆಜ್ಜೆ 7: ಬಾಗಿಲು ಎಣಿಸಿ

ಇನ್ನೂ ಖಚಿತ ಆಗಿಲ್ಲವೇ? 16ನೇ ವಯಸ್ಸಿಗೆ ಆಗಬೇಕಾಗಿಯೂ ಇಲ್ಲ. ಹಾಗಿದ್ದಾಗ ಹೆಚ್ಚು ಬಾಗಿಲು ತೆರೆದಿಡುವ ಕಾಂಬಿನೇಷನ್ ಆರಿಸಿ, ಆದರೆ ಎರಡು ವರ್ಷ ತಾಳಿಕೊಳ್ಳುವ ಶಕ್ತಿ ಇದ್ದರೆ ಮಾತ್ರ. ಪಿಸಿಎಂಬಿಯಲ್ಲಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಎಂಜಿನಿಯರಿಂಗ್, ವೈದ್ಯಕೀಯ ಎರಡೂ ಉಳಿಯುತ್ತವೆ, ಓದೂ ಅಷ್ಟೇ ಭಾರ. ಕಾಮರ್ಸ್‌ನಲ್ಲಿ ಎಸ್ಇಬಿಎ ಎಂದರೆ ಸಂಖ್ಯಾಶಾಸ್ತ್ರ ಜೊತೆಗಿರುತ್ತದೆ, ಸಿಇಬಿಎ ಎಂದರೆ ಕಂಪ್ಯೂಟರ್. ಆರ್ಟ್ಸ್‌ನ ಎಚ್ಇಪಿಎಸ್ ಎಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಐದು ವರ್ಷದ ಕಾನೂನು ಪದವಿಗೆ, ಸಿಎ ಫೌಂಡೇಷನ್‌ಗೆ ಯಾವ ವಿಭಾಗದವರಾದರೂ ಹೋಗಬಹುದು.

ಕೈಕೆಲಸದ ಆಸಕ್ತಿ ಗಟ್ಟಿಯಾಗಿದ್ದು, ಎದುರಿಗಿರುವ ವಸ್ತುವನ್ನು ಮುಟ್ಟಿ ನೋಡಿದರೇನೇ ತಲೆಗೆ ಹೋಗುವುದು ಎಂದಾದರೆ ಪಿಯುಸಿಯನ್ನೇ ಬಿಟ್ಟು ಯೋಚಿಸಿ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಇದೆ. ಸರ್ಕಾರದ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಇದೆ. ಡಿಪ್ಲೊಮಾ ಆದವರು ತಮಗೆಂದೇ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ನೇರ ಸೇರಬಹುದು. "ಡಿಪ್ಲೊಮಾ ಅಂದ್ರೆ ಮಾರ್ಕ್ಸ್ ಇಲ್ಲದವರಿಗೆ" ಎನ್ನುವ ಮಾತು ಇನ್ನೂ ಓಡಾಡುತ್ತದೆ. ನಾನು ನೋಡಿದ ಮಟ್ಟಿಗೆ, ಪಿಸಿಎಂಬಿಯಲ್ಲಿ ಎರಡು ವರ್ಷ ಬಾಡಿಹೋದ ಕೆಲವರು ಮೊದಲೇ ಅಲ್ಲಿಗೆ ಹೋಗಿದ್ದರೆ ಅರಳುತ್ತಿದ್ದರು.

ಹೆಜ್ಜೆ 8: ಮನೆಯಲ್ಲಿ ಮಾತಾಡುವಾಗ

ಅಪ್ಪನ ಮುಂದೆ "ನಾನು ಐಎನ್‌ಎಫ್‌ಪಿ" ಎಂದರೆ "ಅದು ಯಾವ ಪರೀಕ್ಷೆ, ರ‍್ಯಾಂಕ್ ಎಷ್ಟು?" ಎಂದು ಕೇಳುತ್ತಾರೆ. ಅಕ್ಷರ ಬಿಡಿ. ದಿನಗಳನ್ನು ಹೇಳಿ. "ಮೂರು ದಿನ ಇಂಥವರ ಜೊತೆ ಹೋಗಿ ಕೂತಿದ್ದೆ. ಲ್ಯಾಬಿನಲ್ಲಿ ನಾಲ್ಕು ಗಂಟೆ ಕಳೆದದ್ದು ಗೊತ್ತಾಗಲಿಲ್ಲ. ಮೆಡಿಕಲ್ ಶಾಪಿನಲ್ಲಿ ಒಂದು ಗಂಟೆಗೇ ತಲೆ ಸಿಡಿಯಿತು." ಜೊತೆಗೆ ಕೋರ್ಸಿನ ಫೀಸು, ಹಾಸ್ಟೆಲು, ಮುಗಿದ ಮೇಲೆ ಸಿಗುವ ಕೆಲಸ ಇವನ್ನೂ ಬರೆದುಕೊಂಡು ಹೋಗಿ. ನೋಟ್‌ಬುಕ್ಕು ಕೈಯಲ್ಲಿದ್ದರೆ ಮಾತಿಗೆ ಬಲ ಬರುತ್ತದೆ. ಅವರ ಭಯವನ್ನೂ ಒಂದು ಪುಟದಲ್ಲಿ ಬರೆದುಕೊಳ್ಳಿ. ಅದರಲ್ಲಿ ಅರ್ಧ ನಿಜವೇ ಇರುತ್ತದೆ.

ಹೆಜ್ಜೆ 9: ಆಪ್ಷನ್ ಎಂಟ್ರಿಗೆ ಮೊದಲು

ಸೆಕೆಂಡ್ ಪಿಯುಸಿ ಮುಗಿಯುವಾಗ ನಾಲ್ಕು ಪುಟವನ್ನೂ ಹೊಸದಾಗಿ ಬರೆಯಿರಿ. ಹಳೆಯದನ್ನು ನೋಡದೆ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಡಿ. ಎರಡು ವರ್ಷದಲ್ಲಿ ಅಲುಗಾಡದ ಅಡಿಗೆರೆ ಯಾವುದೋ ಅದನ್ನು ನಂಬಬಹುದು.

ಸಿಇಟಿ ಬರೆದವರಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕೋರ್ಸು, ಕಾಲೇಜುಗಳನ್ನು ಸಾಲಾಗಿ ತುಂಬುವುದು, ಶುರುವಾದಾಗ ಎಲ್ಲರೂ ಕಾಲೇಜಿನ ಹೆಸರಿನ ಹಿಂದೆ ಬೀಳುತ್ತಾರೆ. ಲಾಗಿನ್ ಆಗುವ ಮೊದಲೇ ಕೋರ್ಸುಗಳ ಸಾಲನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಯಾವ ದಿನ ಬದುಕಬಲ್ಲಿರೋ ಆ ಕ್ರಮದಲ್ಲಿ. ಕಾಲೇಜುಗಳನ್ನು ಅದರೊಳಗೆ ತುಂಬಿ. ಅಣಕು ಹಂಚಿಕೆ (ಮಾಕ್ ಅಲಾಟ್ಮೆಂಟ್) ಬಂದ ಮೇಲೆ ಸಾಲು ಬದಲಿಸಲು ಅವಕಾಶ ಕೊಡುತ್ತಾರೆ. ಅಣಕು ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಆ ಕೋರ್ಸು ನೋಡಿದ ಕ್ಷಣ ಹೊಟ್ಟೆಯಲ್ಲಿ ಏನಾಯಿತು, ಅದನ್ನೂ ಬರೆದುಕೊಳ್ಳಿ. ಹೋದ ವರ್ಷ ಒಬ್ಬ ಹುಡುಗ ಪಟ್ಟಿ ನೋಡಿ ರಾತ್ರಿ ಹತ್ತಕ್ಕೆ ಫೋನ್ ಮಾಡಿದ. "ಸರ್, ಕಂಪ್ಯೂಟರ್ ಸೈನ್ಸ್ ಸಿಕ್ಕಿದೆ, ಯಾಕೋ ಖುಷಿ ಆಗ್ತಿಲ್ಲ." ನೋಟ್‌ಬುಕ್ ತೆಗೆದು ನೋಡು ಎಂದೆ. ಅರ್ಧ ಗಂಟೆ ಬಿಟ್ಟು ಮೆಸೇಜ್ ಬಂತು. ಸಿವಿಲ್ ಮೇಲಕ್ಕೆ ಎಳೆದಿದ್ದ.